ಕಲ್ಲು ಜಾರುವ ಕಾಲ

ಮಳೆಗಾಲದಲ್ಲಿ ಕೆಂಪಗೆ ಉಕ್ಕಿ ಹರಿಯುವ ತುಂಗೆಯಲ್ಲಿ ಪಾಚಿ ಸಿಗುವುದು ಕಡಿಮೆ. ಕೆಸರು ಬೆಳಕನ್ನು ತಡೆಯುತ್ತದೆ, ಸೆಳವು ಕಲ್ಲುಗಳನ್ನು ಉಜ್ಜಿ ತೊಳೆದುಬಿಡುತ್ತದೆ. ಆದರೆ ಅದೇ ನೀರು ಘಟ್ಟದ ಬಂಡೆ, ಮಣ್ಣುಗಳಿಂದ ಕರಗಿದ ಸಿಲಿಕಾವನ್ನೂ ಹೊತ್ತು ತರುತ್ತದೆ. ದಸರೆ ಕಳೆದು ಹೊಳೆ ತಿಳಿಯಾದಾಗ ಬೆಳಕು ತಳ ಮುಟ್ಟುತ್ತದೆ. ಡಯಾಟಮ್‌ಗಳ ಸುಗ್ಗಿ ಶುರುವಾಗುವುದು ಆಗಲೇ.

ಶೃಂಗೇರಿ, ತೀರ್ಥಹಳ್ಳಿ ಕಡೆಯ ಸ್ನಾನಘಟ್ಟಗಳಲ್ಲಿ ಚಳಿಗಾಲಕ್ಕೆ ಕಾಲು ಜಾರಿಸುವ ಕಂದು ಲೋಳೆಯಲ್ಲಿ ಇವು ಹೇರಳ. ಇವು ಒಂದೇ ಕೋಶದ ಜೀವಿಗಳು. ಮೈಸುತ್ತ ಸಿಲಿಕಾದ ಚಿಪ್ಪು, ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಎರಡು ಭಾಗ. ಕೋಶ ಒಡೆದು ಎರಡಾದಾಗ ಒಂದಕ್ಕೆ ಮುಚ್ಚಳ, ಇನ್ನೊಂದಕ್ಕೆ ಡಬ್ಬಿ ಪಾಲಿಗೆ ಬರುತ್ತದೆ. ಎರಡೂ ಸಿಕ್ಕಿದ್ದನ್ನೇ ಮುಚ್ಚಳ ಮಾಡಿಕೊಂಡು ಒಳಭಾಗವನ್ನು ಹೊಸದಾಗಿ ಕಟ್ಟಿಕೊಳ್ಳುವುದರಿಂದ, ಡಬ್ಬಿ ಪಡೆದದ್ದು ತಾಯಿಗಿಂತ ಚಿಕ್ಕದಾಗುತ್ತದೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಕುಗ್ಗುತ್ತ ಹೋಗಿ, ಒಂದು ಮಿತಿ ಮುಟ್ಟಿದ ಮೇಲೆ ಲೈಂಗಿಕ ಸಂತಾನೋತ್ಪತ್ತಿ ನಡೆದು ಮತ್ತೆ ದೊಡ್ಡ ಕೋಶ ಹುಟ್ಟುತ್ತದೆ. ನಾವು ಬೈದುಕೊಂಡು ದಾಟುವ ಲೋಳೆಯಲ್ಲಿ ಇಷ್ಟೆಲ್ಲ ನಡೆಯುತ್ತಿರುವುದು ನನಗೆ ಇಂದಿಗೂ ಬೆರಗು. ಬಸವನಹುಳುಗಳಿಗೆ, ಎಷ್ಟೋ ನೀರುಹುಳುಗಳ ಮರಿಗಳಿಗೆ, ಕಲ್ಲು ಕೆರೆದು ತಿನ್ನುವ ಮೀನುಗಳಿಗೆ ಇದೇ ಮೇವು.

ಶಿವರಾತ್ರಿ ಕಳೆದು ಬಿಸಿಲೇರಿದರೆ ಹರಿವು ಸಣ್ಣಗಾಗುತ್ತದೆ. ಮಡುಗಳಲ್ಲಿ ಸ್ಪೈರೋಗೈರಾದಂಥ ಹಸಿರೆಳೆಗಳ ಸರದಿ. ಹಗಲಲ್ಲಿ ಅವು ಬಿಡುವ ಆಮ್ಲಜನಕದ ಗುಳ್ಳೆಗಳು ಎಳೆಗಳ ನಡುವೆ ಸಿಕ್ಕಿಕೊಂಡು ಹಾವಸೆಯನ್ನು ಮೇಲಕ್ಕೆತ್ತುತ್ತವೆ. ಮಡು ಬತ್ತಿದರೂ ಅವುಗಳ ದಪ್ಪಗೋಡೆಯ ಬೀಜಕಗಳು ಕೆಸರಿನಲ್ಲಿ ಉಳಿದು ಮಳೆಗೆ ಕಾಯುತ್ತವೆ.

ಹಸಿರು ಕಂಡೊಡನೆ ಹೊಳೆ ಕೆಟ್ಟಿತೆನ್ನುವುದು ತಪ್ಪು. ಆದರೆ ನಿಂತ ನೀರಿನ ಮೇಲೆ ಪದರಗಟ್ಟುವ ಮೈಕ್ರೊಸಿಸ್ಟಿಸ್ ವಿಷಯದಲ್ಲಿ ಎಚ್ಚರ ಬೇಕು. ನೀಲಿಹಸಿರು ಪಾಚಿ ಎಂದು ಕರೆದರೂ ಇದು ಬ್ಯಾಕ್ಟೀರಿಯಾ. ಕೋಶದೊಳಗಿನ ಗಾಳಿಕೋಶಗಳಿಂದ ತೇಲುತ್ತದೆ. ಚರಂಡಿಯ, ಗೊಬ್ಬರದ ರಂಜಕ ಸೇರಿದ ಬೆಚ್ಚನೆಯ ನೀರು ಇದಕ್ಕೆ ಹಿತ. ಇದರ ಕೆಲವು ತಳಿಗಳ ವಿಷ ಯಕೃತ್ತನ್ನು ಕೆಡಿಸುತ್ತದೆ, ನೀರು ಕುದಿಸಿದರೂ ಹೋಗುವುದಿಲ್ಲ.

ಸಾವಯವ ಮಾಲಿನ್ಯವನ್ನು ತಾಳಿಕೊಳ್ಳುವ 20 ಪಾಚಿ ಕುಲಗಳಿಗೆ ಅಮೆರಿಕದ ಮರ್ವಿನ್ ಪಾಮರ್ 1969ರಲ್ಲಿ ಅಂಕ ಗೊತ್ತುಮಾಡಿದರು. ಮಾದರಿಯಲ್ಲಿ ಸಿಕ್ಕ ಕುಲಗಳ ಅಂಕಗಳ ಮೊತ್ತ 20 ಅಥವಾ ಹೆಚ್ಚು ಬಂದರೆ ಮಾಲಿನ್ಯ ತೀವ್ರ. ನಮ್ಮ ನದಿಗಳ ಅಧ್ಯಯನಗಳಲ್ಲೂ ಈ ಲೆಕ್ಕ ಬಳಕೆಯಲ್ಲಿದೆ. ಪಾಚಿಗಳ ಸಂತೆ ಋತುವಿಗೊಮ್ಮೆ ಬದಲಾಗುವಾಗ ಪ್ರವಾಹದ ದಿನ ತುಂಬಿದ ಒಂದೇ ಬಾಟಲಿಯಿಂದ ಹೊಳೆ ಚೆನ್ನಾಗಿದೆ ಎಂದು ತೀರ್ಪು ಕೊಡಲಾಗದು. ಪ್ರತಿ ಸಲ ಒಂದೇ ಜಾಗದಲ್ಲಿ, ಹರಿವಿನಲ್ಲಿರುವ ಕಲ್ಲುಗಳನ್ನೆತ್ತಿ ಹಲ್ಲುಜ್ಜುವ ಬ್ರಷ್ಷಿನಿಂದ ಲೋಳೆ ಕೆರೆದುಕೊಳ್ಳಬೇಕು. ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ.