ಡ್ರೋನ್ ಮೂಲಕ ಬೆಳೆಗೆ ಔಷಧ ಸಿಂಪಡಣೆ: ಬಾಡಿಗೆಗೆ ಕರೆಸುವ ಮುನ್ನ ತಿಳಿಯಬೇಕಾದ ಅಂಶಗಳು

ರಾಗಿಗೆ ಬೆಂಕಿರೋಗ, ತೊಗರಿಗೆ ಕಾಯಿಕೊರಕ ಹುಳು ಕಾಣಿಸಿಕೊಂಡಾಗ ಸಿಂಪಡಣೆಗೆ ದೊರೆಯುವ ಅವಧಿ ಕೆಲವೇ ದಿನಗಳು. ಆ ದಿನಗಳಲ್ಲಿಯೇ ಕೂಲಿಯಾಳುಗಳ ಕೊರತೆ ಹೆಚ್ಚು. ಆಳೆತ್ತರ ಬೆಳೆದ ತೊಗರಿಯ ಸಾಲುಗಳ ನಡುವೆ ಬೆನ್ನಿಗೆ ಪಂಪು ಹೊತ್ತು ನಡೆಯುವವರ ಮೈಮೇಲೂ ಔಷಧ ಬೀಳುತ್ತದೆ. ಈ ಕಾರಣಗಳಿಂದ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ರೈತರಿಗೆ ಡ್ರೋನ್ ಸಿಂಪಡಣೆ ಉಪಯುಕ್ತವಾಗಬಲ್ಲದು. ಡ್ರೋನ್ ಖರೀದಿ ಲಕ್ಷಾಂತರ ರೂಪಾಯಿಗಳ ವ್ಯವಹಾರವಾದುದರಿಂದ ಸಣ್ಣ ಹಿಡುವಳಿದಾರರಿಗೆ ಬಾಡಿಗೆ ಸೇವೆಯೇ ಸೂಕ್ತ. ಆದರೆ ಸೇವೆ ಪಡೆಯುವ ರೈತರು ಒಂದು ಸಂಗತಿಯನ್ನು ಮೊದಲು ಮನಗಾಣಬೇಕು: ಡ್ರೋನ್ ನೀರನ್ನು ಉಳಿಸುತ್ತದೆ, ವಿಷವನ್ನು ಕಡಿಮೆ ಮಾಡುವುದಿಲ್ಲ.

ನೀರು ಕಡಿಮೆ, ಔಷಧ ಅಷ್ಟೇ

ಕೈಪಂಪಿನಲ್ಲಿ ಎಕರೆಗೆ 150ರಿಂದ 200 ಲೀಟರ್ ದ್ರಾವಣ ಬೇಕಾದರೆ, ಡ್ರೋನ್‌ಗೆ ಸುಮಾರು 10 ಲೀಟರ್ ಸಾಕು. ಎಕರೆಗೆ ಹತ್ತು ನಿಮಿಷಗಳಷ್ಟೇ ಹಿಡಿಯುತ್ತದೆ. ಆದರೆ ಎಕರೆಗೆ ಶಿಫಾರಸು ಮಾಡಿದ ಔಷಧದ ಪ್ರಮಾಣ ಬದಲಾಗುವುದಿಲ್ಲ. ಉದಾಹರಣೆಗೆ, ಎಕರೆಗೆ 400 ಮಿ.ಲೀ. ಔಷಧವನ್ನು 200 ಲೀಟರ್ ನೀರಿಗೆ ಬೆರೆಸಿದರೆ ಲೀಟರಿಗೆ 2 ಮಿ.ಲೀ. ಆಗುತ್ತದೆ. ಅದನ್ನೇ 10 ಲೀಟರಿಗೆ ಬೆರೆಸಿದಾಗ ಲೀಟರಿಗೆ 40 ಮಿ.ಲೀ., ಅಂದರೆ ದ್ರಾವಣ ಇಪ್ಪತ್ತು ಪಟ್ಟು ಗಾಢವಾಗುತ್ತದೆ.

ಇದರಿಂದ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಹಳೆಯ ಲೆಕ್ಕದಂತೆ ಲೀಟರಿಗೆ 2 ಮಿ.ಲೀ. ಬೆರೆಸಿದರೆ ಇಡೀ ಎಕರೆಗೆ 20 ಮಿ.ಲೀ. ಮಾತ್ರ ತಲುಪಿ ಕೀಟ ಉಳಿಯುತ್ತದೆ. ಒಂದೇ ಸಾಲಿನ ಮೇಲೆ ಎರಡು ಬಾರಿ ಹಾರಿಸಿದರೆ ಎಲೆ ಸುಡುವ ಅಪಾಯವಿದೆ. ಗಾಢವಾದ ಈ ಸಣ್ಣ ಹನಿಗಳು ಗಾಳಿಗೆ ತೇಲಿ ನೆರೆಯ ಹೊಲಕ್ಕೆ ಹೋದಲ್ಲಿ ಹಾನಿಯೂ ಹೆಚ್ಚು. ಆದಕಾರಣ ಲೆಕ್ಕವನ್ನು ಲೀಟರಿಗಲ್ಲ, ಎಕರೆಗೆ ಹಾಕತಕ್ಕದ್ದು. ಔಷಧದ ಆಯ್ಕೆ ಮತ್ತು ಪ್ರಮಾಣವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುವುದು ಒಳಿತು.

ಎಲ್ಲಿ ಸೂಕ್ತ, ಎಲ್ಲಿ ಅಲ್ಲ

ಒಂದೇ ಬೆಳೆಯಿರುವ, ಮರಗಳೂ ವಿದ್ಯುತ್ ತಂತಿಗಳೂ ಇಲ್ಲದ ಬಯಲು ಹೊಲಗಳಿಗೆ ಡ್ರೋನ್ ಸೂಕ್ತ. ರಾಗಿ, ತೊಗರಿ, ಮುಸುಕಿನ ಜೋಳ ಹಾಗೂ ಕೆರೆ ಅಚ್ಚುಕಟ್ಟಿನ ಭತ್ತ ಈ ಗುಂಪಿಗೆ ಸೇರುತ್ತವೆ. ತೆಂಗಿನ ವಿಷಯ ಬೇರೆ. ಕಪ್ಪುತಲೆ ಹುಳುವಿನ ನಿಯಂತ್ರಣಕ್ಕೆ ಗೋನಿಯೋಜಸ್ ಪರೋಪಜೀವಿ ಕೀಟಗಳನ್ನು ತೋಟಕ್ಕೆ ಬಿಡುವುದು ಶಿಫಾರಸಾದ ಕ್ರಮ. ಸುರುಳಿಯಾಕಾರದ ಬಿಳಿನೊಣವನ್ನೂ ಎನ್ಕಾರ್ಸಿಯ ಎಂಬ ಮಿತ್ರಕೀಟ ಹತೋಟಿಯಲ್ಲಿಡುತ್ತದೆ. ತೋಟದ ಮೇಲೆ ಕೀಟನಾಶಕ ಸುರಿದರೆ ಮೊದಲು ಸಾಯುವುದು ಈ ಮಿತ್ರಕೀಟಗಳೇ. ಡ್ರೋನ್ ದೊರೆಯುತ್ತದೆ ಎಂಬ ಕಾರಣಕ್ಕೆ ಅಗತ್ಯವಿಲ್ಲದ ಸಿಂಪಡಣೆ ಸಲ್ಲದು.

ಪರಿಶೀಲಿಸಬೇಕಾದ ದಾಖಲೆಗಳು

2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳ ಪ್ರಕಾರ ಸೇವೆ ನೀಡುವವರಲ್ಲಿ ಈ ಕೆಳಗಿನವು ಇರತಕ್ಕದ್ದು.

1. ಚಾಲಕರ ಹೆಸರಿನಲ್ಲಿ ರಿಮೋಟ್ ಪೈಲಟ್ ಪ್ರಮಾಣಪತ್ರ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದ, ಹತ್ತನೆಯ ತರಗತಿ ತೇರ್ಗಡೆಯಾದ, 18ರಿಂದ 65 ವರ್ಷದೊಳಗಿನವರಿಗೆ ಇದು ದೊರೆಯುತ್ತದೆ.
2. ಡ್ರೋನ್‌ನ ವಿಶಿಷ್ಟ ಗುರುತಿನ ಸಂಖ್ಯೆ.
3. ಚಾಲ್ತಿಯಲ್ಲಿರುವ ಮೂರನೇ ವ್ಯಕ್ತಿ ವಿಮೆ. ಯಂತ್ರ ಬಿದ್ದು ದನಕರುಗಳಿಗೋ ಮನೆಗೋ ಹಾನಿಯಾದಲ್ಲಿ ಪರಿಹಾರಕ್ಕೆ ಆಧಾರ ಇದೇ.
4. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಹೊಲ ಯಾವ ವಲಯದಲ್ಲಿದೆ ಎಂಬ ಮಾಹಿತಿ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಅನುಮತಿ ಬೇಕಿಲ್ಲ; ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿ ಕಡ್ಡಾಯ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಇರುವುದರಿಂದ ಸುತ್ತಲಿನ ಗ್ರಾಮಗಳಲ್ಲಿ ನಕ್ಷೆ ನೋಡದೆ ಹಾರಿಸತಕ್ಕದ್ದಲ್ಲ.

ನೆರೆಹೊರೆಗೆ 24 ಗಂಟೆ ಮುಂಚಿತ ತಿಳಿವಳಿಕೆ

1971ರ ಕೀಟನಾಶಕ ನಿಯಮಗಳು ವೈಮಾನಿಕ ಸಿಂಪಡಣೆಗೆ ಕನಿಷ್ಠ 24 ಗಂಟೆ ಮೊದಲು ಸಾರ್ವಜನಿಕರಿಗೆ ತಿಳಿಸಬೇಕೆಂದು ವಿಧಿಸುತ್ತವೆ. ಪ್ರದೇಶವನ್ನು ಗುರುತು ಮಾಡುವುದು, ಕೈಕಾಲು ತೊಳೆಯಲು ಹಾಗೂ ಪ್ರಥಮ ಚಿಕಿತ್ಸೆಗೆ ವ್ಯವಸ್ಥೆ ಮಾಡುವುದು ನಿರ್ವಾಹಕರ ಹೊಣೆ. ಸಂಬಂಧಪಡದ ಜನರೂ ಜಾನುವಾರುಗಳೂ ನಿಗದಿತ ಅವಧಿಯವರೆಗೆ ಅಲ್ಲಿಗೆ ಬಾರದಂತೆ ತಡೆಯಬೇಕು.

ಇದು ಬರಿಯ ಕಾಗದದ ನಿಯಮವಲ್ಲ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆ ಮೊದಲಾದೆಡೆ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳ ಮಗ್ಗುಲಲ್ಲೇ ಮನೆಗಳೂ ನೀರಿನ ಆಸರೆಗಳೂ ಇದ್ದವು. ಅಲ್ಲಿನ ಕುಟುಂಬಗಳ ಸಂಕಟ ಇಂದಿಗೂ ಮುಗಿದಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕೀಟನಾಶಕವನ್ನು ನಿಷೇಧಿಸಿತು. ಕೆಳಮಟ್ಟದಲ್ಲಿ ಹಾರುವ ಡ್ರೋನ್ ಹೆಲಿಕಾಪ್ಟರ್‌ಗೆ ಸಮನಲ್ಲವಾದರೂ, ಮೇಲಿನಿಂದ ಬೀಳುವ ಔಷಧ ಬೇಲಿಯನ್ನು ಅರಿಯದು ಎಂಬ ಪಾಠ ಎರಡಕ್ಕೂ ಒಂದೇ.

ಈ ಭಾಗದಲ್ಲಿ ವಿಶೇಷ ಎಚ್ಚರ ಬೇಕಾದುದು ರೇಷ್ಮೆ ಬೆಳೆಗಾರರ ವಿಷಯದಲ್ಲಿ. ಹಿಪ್ಪುನೇರಳೆ ಸೊಪ್ಪಿಗೆ ತಾಗಿದ ಅತ್ಯಲ್ಪ ಕೀಟನಾಶಕವೂ ಒಂದು ಮನೆಯ ಇಡೀ ಹುಳುವನ್ನು ಕೊಲ್ಲಬಲ್ಲದು. ಮುಂಚಿತವಾಗಿ ತಿಳಿದರೆ ಆ ಕುಟುಂಬ ಸೊಪ್ಪನ್ನು ಹಿಂದಿನ ದಿನವೇ ಕೊಯ್ದಿಟ್ಟುಕೊಳ್ಳಬಹುದು. ಆದರೂ ಗಾಳಿ ಆ ತೋಟದ ಕಡೆಗಿದ್ದರೆ ಸಿಂಪಡಣೆಯನ್ನು ಮುಂದೂಡುವುದೇ ಸರಿ. ಕೆರೆ, ಕುಡಿಯುವ ನೀರಿನ ಬಾವಿ, ಅಂಗನವಾಡಿ ಮತ್ತು ಜೇನುಪೆಟ್ಟಿಗೆಗಳ ಬಳಿಯೂ ಅಂತರ ಬಿಡಬೇಕು. ಹೂವಾಡುವ ಹೊಲಕ್ಕೆ ಜೇನ್ನೊಣಗಳು ಗೂಡಿಗೆ ಮರಳಿದ ಸಂಜೆಯ ವೇಳೆ ಲೇಸು. ಆಷಾಢದ ಗಾಳಿಯಲ್ಲಿ ಡ್ರೋನ್ ಸಿಂಪಡಣೆ ಬೇಡ.

ದಿನಾಂಕ, ಸರ್ವೆ ನಂಬರ್, ಔಷಧದ ಹೆಸರು ಬರೆದ ಪತ್ರವನ್ನು ಗ್ರಾಮ ಪಂಚಾಯಿತಿಗೆ ನೀಡಿದಲ್ಲಿ ಡಂಗುರ ಅಥವಾ ಕಸ ಸಂಗ್ರಹಣಾ ವಾಹನದ ಧ್ವನಿವರ್ಧಕದ ಮೂಲಕ ಪ್ರಚಾರ ಮಾಡಲು ಅವಕಾಶವಾಗುತ್ತದೆ.

ಬಾಡಿಗೆ ಮಾತುಕತೆ

ದರ ಎಕರೆಗೋ ಟ್ಯಾಂಕಿಗೋ, ಸಾಗಣೆ ವೆಚ್ಚ ಸೇರಿದೆಯೇ, ಕನಿಷ್ಠ ಎಷ್ಟು ಎಕರೆ ಬೇಕು, ಮಳೆ ಬಂದು ಔಷಧ ತೊಳೆದುಹೋದರೆ ಮರುಸಿಂಪಡಣೆ ಯಾರ ವೆಚ್ಚದಲ್ಲಿ ಎಂಬುದನ್ನು ಮೊದಲೇ ಬರೆದುಕೊಳ್ಳುವುದು ಉತ್ತಮ. ಹತ್ತಿಪ್ಪತ್ತು ಗುಂಟೆ ಹಿಡುವಳಿಯವರು ಅಕ್ಕಪಕ್ಕದವರೊಡನೆ ಸೇರಿ ಒಂದೇ ದಿನ ಕರೆಸಿದರೆ ವೆಚ್ಚವೂ ತಗ್ಗುತ್ತದೆ, ನೆರೆಯವರ ತಕರಾರೂ ತಪ್ಪುತ್ತದೆ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಲಭ್ಯತೆಯನ್ನು ವಿಚಾರಿಸಬಹುದು. 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್ ಒದಗಿಸಲು 2023ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಡಿ ವೆಚ್ಚದ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವಿದೆ. ಆ ಯೋಜನೆಯ ತರಬೇತಿ ಪಡೆದ ಮಹಿಳೆಯರು ಸಮೀಪದಲ್ಲಿದ್ದರೆ ಅವರ ಸೇವೆಯನ್ನೂ ಪಡೆಯಬಹುದು.

ಔಷಧ ಬೆರೆಸುವವರು ಕೈಗವಸು, ಮುಖಗವಸು ಧರಿಸತಕ್ಕದ್ದು. ಗಾಢ ದ್ರಾವಣ ಕೈಗೆ ತಾಗುವುದು ಆ ಹಂತದಲ್ಲಿಯೇ. ಟ್ಯಾಂಕ್ ತೊಳೆದ ನೀರನ್ನು ಕಾಲುವೆಗೆ ಬಿಡಬಾರದು. ವಾಂತಿ, ತಲೆಸುತ್ತು ಕಂಡುಬಂದರೆ 108ಕ್ಕೆ ಕರೆ ಮಾಡಿ, ಔಷಧದ ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸುವುದು.