ಓಟದ ಚಕ್ರಕ್ಕೆ ಹಳಿ ಕಟ್ಟುವವರು

ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ಇಂದು ಈ ಊರು ನಾಳೆ ಆ ಊರು ಎಂಬಂತೆ ನಡೆಯತಕ್ಕ ಎತ್ತಿನಗಾಡಿ ಓಟದ ಸ್ಪರ್ಧೆಗಳಿಗೆ ಹೋಗಿ ನಿಂತವರು ನೋಡುವುದು ಹಳ್ಳಿಕಾರ್ ಜೋಡಿಯ ನೀಳವಾದ ಕೊಂಬುಗಳನ್ನು, ಹಗ್ಗ ಹಿಡಿದು ಮುಂದಕ್ಕೆ ಬಾಗಿದ ಸವಾರನನ್ನು, ಗೆದ್ದವರಿಗೆಂದು ಪೆಂಡಾಲಿನಲ್ಲಿ ಇರಿಸಿದ ಬಹುಮಾನವನ್ನು. ಅಷ್ಟು ವೇಗವನ್ನೂ ಹೊತ್ತು ಉರುಳುವ ಎರಡು ಚಕ್ರಗಳ ಕಡೆಗೆ ದೃಷ್ಟಿ ಹಾಯಿಸುವವರು ವಿರಳ. ಎತ್ತಿನ ವಂಶಾವಳಿಯನ್ನು ಮೂರು ತಲೆಮಾರಿನವರೆಗೆ ಹೇಳಬಲ್ಲ ರಸಿಕರು ಕೂಡ ಗಾಡಿಯ ಚಕ್ರವನ್ನು ಮಾಡಿದವರು ಯಾರೆಂದು ಕೇಳಿದರೆ ಮುಖ ಮುಖ ನೋಡುತ್ತಾರೆ. ಹೀಗೆ ಯಾರ ಗಮನಕ್ಕೂ ಬಾರದೆ ಉಳಿದಿರುವ ಒಂದು ವಿದ್ಯೆಯನ್ನು ಬಲ್ಲ ವೃದ್ಧರೊಬ್ಬರು ಬೆಳಕವಾಡಿಯಲ್ಲಿ ಇದ್ದಾರೆಂದು ಕೇಳಿ ನಾನು ಅಲ್ಲಿಗೆ ಹೋದೆನು. ಅವರಿಗೆ ವಯಸ್ಸು ಎಂಬತ್ತರ ಆಚೆ. ಊರಿನವರು ಆಚಾರ್ಯರೆನ್ನುತ್ತಾರೆ, ಈ ಲೇಖನಕ್ಕೂ ಆ ಹೆಸರೇ ಸಾಕು.

ಆಚಾರ್ಯರಿಗೆ ಕಿವಿ ಮಂದ. ಚಕ್ರದ ಗುಣಾವಗುಣಗಳನ್ನು ನಾದದಿಂದ ನಿರ್ಣಯಿಸತಕ್ಕ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಊನವುಂಟೇ ಎಂದು ನನಗೆ ತೋರಿತು. ಆದರೆ ಅವರು ಕೆಲಸಕ್ಕೆ ಕೈಹಾಕಿದುದನ್ನು ನೋಡಿದ ಮೇಲೆ ಆ ಸಂಶಯ ನಿಲ್ಲಲಿಲ್ಲ. ಪಕ್ಕದ ಊರಿನ ಯುವಕನೊಬ್ಬ ಓಟಕ್ಕೆ ಮುಂಚೆ ಪರೀಕ್ಷೆಗೆಂದು ತಂದಿದ್ದ ಚಕ್ರವನ್ನು ಅವರು ಗೋಡೆಗೆ ಒರಗಿಸಿ ನಿಲ್ಲಿಸಿ, ಎಡ ಅಂಗೈಯನ್ನು ಅದರ ಅಂಚಿನ ಮೇಲೆ ಅಗಲವಾಗಿ ಊರಿ, ಕಣ್ಣುಮುಚ್ಚಿ, ಬಲಗೈಯ ಸಣ್ಣ ಸುತ್ತಿಗೆಯಿಂದ, ನಡುವಿನಿಂದ ಅಂಚಿಗೆ ಚಾಚಿದ ಅರೆಕಾಲುಗಳನ್ನು ಒಂದೊಂದಾಗಿ ತಟ್ಟುತ್ತ ಬಂದರು. ಬಿಗಿಯಾಗಿ ಕುಳಿತ ಅರೆಕಾಲಿನ ಕಂಪನವು ಅಂಚಿನವರೆಗೆ ಹರಿದು ಅಂಗೈಗೆ ಚುರುಕಾಗಿ ಮುಟ್ಟುತ್ತದೆಯಂತೆ. ಸಡಿಲವಾದದ್ದರ ಕಂಪನ ನಡುದಾರಿಯಲ್ಲಿಯೇ ಅಡಗುತ್ತದೆಯಂತೆ. ಏಳನೆಯದನ್ನು ತಟ್ಟಿದವರು ನಿಂತರು, ಮತ್ತೆ ತಟ್ಟಿದರು, ಕೈಯನ್ನು ತುಸು ಸರಿಸಿ ಮೂರನೆಯ ಸಲ ತಟ್ಟಿ, ಸೀಮೆಸುಣ್ಣದಿಂದ ಒಂದು ಗೆರೆ ಎಳೆದರು.

“ಇದು ಮಾತಾಡ್ತಾ ಇಲ್ಲ ಕನ್ಲಾ ಮಗ.”

“ನಾನು ಅಲ್ಲಾಡಿಸಿ ನೋಡಿವ್ನಿ ತಾತ, ಗಟ್ಟಿಯಾಗದೆ.”

“ನೀನು ಅಲ್ಲಾಡಿಸಿದ್ರೆ ಅಲ್ಲಾಡಕಿಲ್ಲ. ಎತ್ತು ಓಡ್ದಾಗ ಅಲ್ಲಾಡ್ತದೆ.”

ಆಮೇಲೆ ಆ ಅರೆಕಾಲಿನ ಬುಡದಲ್ಲಿ ಚೂರಿಯ ತುದಿಯನ್ನಿಟ್ಟು ತೋರಿಸಿದಾಗ, ಮರವು ಒಣಗಿ ಕುಗ್ಗಿ ಬಿಟ್ಟಿದ್ದ ಕೂದಲೆಳೆಯಷ್ಟು ಸಂದು ನನ್ನ ಕಣ್ಣಿಗೂ ಕಾಣಿಸಿತು. ಯುವಕ ಮರುಮಾತಿಲ್ಲದೆ ಚಕ್ರವನ್ನು ಅಲ್ಲಿಯೇ ಬಿಟ್ಟುಹೋದನು.

ಈ ಮನೆತನದ ಪೂರ್ವೇತಿಹಾಸಕ್ಕೆ ಆಚಾರ್ಯರ ಮಾತಲ್ಲದೆ ಬೇರೆ ದಾಖಲೆಯಿಲ್ಲ. ಬೆಳಕವಾಡಿಗೆ ಸಮೀಪದ ಶಿವನಸಮುದ್ರದಲ್ಲಿ ಜಲವಿದ್ಯುದಾಗಾರವನ್ನು ಕಟ್ಟಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ್ದು ಎಲ್ಲರೂ ಬಲ್ಲ ಸಂಗತಿ. ಸಮುದ್ರ ದಾಟಿ ಬಂದ ಭಾರವಾದ ಯಂತ್ರಭಾಗಗಳನ್ನು ಆಗ ಆನೆ ಕುದುರೆಗಳು ಎಳೆಯುವ ಗಾಡಿಗಳ ಮೇಲೆ ಹೇರಿ ಆ ಕಗ್ಗಾಡಿನ ಕಣಿವೆಗೆ ಸಾಗಿಸಬೇಕಾಯಿತು. ದಾರಿಯಲ್ಲಿ ಮುರಿದ ಚಕ್ರಗಳನ್ನು ಕಟ್ಟಿಕೊಟ್ಟವರಲ್ಲಿ ತಮ್ಮ ಮುತ್ತಜ್ಜನೂ ಒಬ್ಬನೆಂದು ಆಚಾರ್ಯರು ಹೇಳುತ್ತಾರೆ. ನಾಡಿಗೆ ಬೆಳಕು ಬಂದದ್ದು ಮರದ ಚಕ್ರದ ಮೇಲೆ ಎಂಬ ಅಭಿಮಾನ ಅವರಿಗೆ ಇರುವುದಾದರೆ ಅದನ್ನು ತೂಗಿ ನೋಡುವ ಅವಶ್ಯಕತೆ ನನಗೆ ಕಾಣಲಿಲ್ಲ. ಅಲ್ಲಿಂದ ಮುಂದಿನ ಚರಿತ್ರೆ ಚಿಕ್ಕದು: ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಕಬ್ಬು ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಕಬ್ಬು ಹೇರುವುದಕ್ಕೆ ರಬ್ಬರು ಟೈರಿನ ಗಾಡಿ ಬಂತು, ಅದರ ಹಿಂದೆಯೇ ಟ್ರ್ಯಾಕ್ಟರು ಬಂತು. ಮರದ ಚಕ್ರಕ್ಕೆ ಉಳಿದ ಗಿರಾಕಿಯೆಂದರೆ ಓಟದ ಗಾಡಿಯವರು ಮಾತ್ರ, ಅವರಲ್ಲಿಯೂ ಎಲ್ಲರಲ್ಲ.

ಓಟಕ್ಕೆ ಚಕ್ರವನ್ನು ಆರಿಸುವುದು ಹೇಗೆ ಎಂಬ ವಿಷಯದಲ್ಲಿ ಆಚಾರ್ಯರ ಮಾತುಗಳನ್ನು ಕ್ರಮವಾಗಿ ಜೋಡಿಸುವುದು ಕಷ್ಟ, ಏಕೆಂದರೆ ಅವರು ಚಕ್ರದಿಂದ ಪ್ರಾರಂಭಿಸುವುದೇ ಇಲ್ಲ. ಎತ್ತಿನ ಹೆಗಲು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು ಅವರ ಮೊದಲ ಪ್ರಶ್ನೆ. ಓಟದ ನೆಲ ಗೊಚ್ಚೋ, ಉತ್ತ ಹೊಲವೋ, ಹೊಳೆಯ ಮರಳೋ ಎಂಬುದು ಎರಡನೆಯದು. ಚಕ್ರದ ಎತ್ತರವು ಅಚ್ಚಿನ ಎತ್ತರವನ್ನೂ, ಅಚ್ಚಿನ ಎತ್ತರವು ನೊಗಕ್ಕೆ ಸೇರುವ ಮೂಕಿಯ ಓರೆಯನ್ನೂ ನಿಶ್ಚಯಿಸುವುದರಿಂದ, ಹೆಗಲಿಗೆ ಹೊಂದದ ಚಕ್ರವನ್ನು ಹಾಕಿದ ಗಾಡಿಯಲ್ಲಿ ನೊಗವು ಒಂದೋ ಕತ್ತನ್ನು ಒತ್ತುತ್ತದೆ, ಇಲ್ಲವೇ ಮೇಲಕ್ಕೆ ಎದ್ದು ಕೊರಳ ಹಗ್ಗವನ್ನು ಜಗ್ಗುತ್ತದೆ. ಚಕ್ರದ ಸುತ್ತ ಕೂರಿಸುವ ಕಬ್ಬಿಣದ ಪಟ್ಟಿಯೇ ಹಳಿ. ಗಟ್ಟಿನೆಲಕ್ಕೆ ಕಿರಿದಾದ ಹಳಿ ಸಾಕು, ಓಟ ಹಗುರಾಗುತ್ತದೆ. ಅದೇ ಹಳಿ ಮೆತ್ತನೆಯ ನೆಲದಲ್ಲಿ ಕುಯ್ದುಕೊಂಡು ಇಳಿದು ಎತ್ತಿನ ಉಸಿರನ್ನು ಹೀರುತ್ತದೆ. ದೊಡ್ಡ ಚಕ್ರ ಹಳ್ಳದಿಣ್ಣೆಗಳನ್ನು ಸಲೀಸಾಗಿ ದಾಟುವುದಾದರೂ ಭಾರ ಹೆಚ್ಚು. ಭಾರವೆಂದಾಗ ಗಾಡಿಯ ಮೇಲಿನ ಭಾರವೂ ಚಕ್ರದ ಅಂಚಿನ ಭಾರವೂ ಒಂದೇ ಅಲ್ಲವೆಂಬುದನ್ನು ಅವರು ಯಾವ ಶಾಸ್ತ್ರವನ್ನೂ ಓದದೆ ಬಲ್ಲರು. ಅಂಚಿನಲ್ಲಿರುವ ಒಂದು ಕಿಲೋ ತೂಕವು ಗಾಡಿಯೊಡನೆ ಮುಂದಕ್ಕೂ ಚಲಿಸಬೇಕು, ಅಚ್ಚಿನ ಸುತ್ತ ತಿರುಗಲೂ ಬೇಕು. ಆದುದರಿಂದ ನಿಂತ ಗಾಡಿಯನ್ನು ಓಟಕ್ಕೆ ಎಬ್ಬಿಸುವಾಗ ಅದು ಗಾಡಿಯ ಮೇಲಿಟ್ಟ ಎರಡು ಕಿಲೋಗಳಿಗೆ ಸಮಾನವಾದ ಶ್ರಮವನ್ನು ಬೇಡುತ್ತದೆಂದು ಭೌತಶಾಸ್ತ್ರದ ಲೆಕ್ಕ ಹೇಳುತ್ತದೆ. ಸವಾರನ ಮೈಭಾರವನ್ನು ಕುರಿತು ಚಿಂತಿಸುತ್ತ ಹಳಿಯ ದಪ್ಪವನ್ನು ಮರೆಯುವ ಒಡೆಯರನ್ನು ಕಂಡರೆ ಆಚಾರ್ಯರಿಗೆ ನಗು.

ಇನ್ನು ರಚನೆ. ನಡುವಿನ ನಾಭಿ, ಅದರಿಂದ ಹೊರಟ ಹನ್ನೆರಡು ಅರೆಕಾಲುಗಳು, ಅವನ್ನು ಎರಡೆರಡಾಗಿ ಹಿಡಿದು ಸುತ್ತುಗಟ್ಟುವ ಆರು ಬಾಗುತುಂಡುಗಳ ನೇಮಿ, ಅದರ ಮೇಲೆ ಕಬ್ಬಿಣದ ಹಳಿ: ಇಷ್ಟೇ ಚಕ್ರ. ಮರಗಳಲ್ಲಿ ಕರಿಜಾಲಿಗೆ ಅಗ್ರಸ್ಥಾನ. ಅಚ್ಚಿಗೆ ಹಿಂದೆ ದಿಂಡಿಗವನ್ನು ಬಳಸುತ್ತಿದ್ದರು, ಈಗ ಅಚ್ಚು ಕಬ್ಬಿಣದ್ದು. ಒಳ್ಳೆಯ ಚಕ್ರವು ಸಮತಲವಾಗಿರದೆ ಊಟದ ತಟ್ಟೆಯಂತೆ ತುಸು ಬಾಗಿರುತ್ತದೆ. ಎತ್ತು ಹೆಜ್ಜೆ ಹಾಕುವಾಗಲೆಲ್ಲ ಗಾಡಿ ಎಡಬಲಕ್ಕೆ ತೂಗಿ ನಾಭಿಯನ್ನು ಪಕ್ಕಕ್ಕೆ ನೂಕುತ್ತದಾದುದರಿಂದ ಆ ನೂಕನ್ನು ತಡೆಯುವುದು ಈ ಬಾಗು. ಬಡಗಿಯು ಇದನ್ನು ಅರೆಕಾಲುಗಳ ಬುಡಕ್ಕೆ ಕೊಡುವ ಓರೆಯಲ್ಲಿ ಸಾಧಿಸುತ್ತಾನೆ. ಅದರ ಅಳತೆಯನ್ನು ಕೇಳಿದೆ. “ಕೈಗೆ ಗೊತ್ತು ಸ್ವಾಮಿ” ಎಂದಷ್ಟೇ ಉತ್ತರ ಬಂತು.

ಆದರೆ ಹಳಿ ಕಟ್ಟುವ ದಿನವನ್ನು ನೋಡದೆ ಈ ವಿದ್ಯೆಯನ್ನು ನೋಡಿದೆನೆಂದು ಹೇಳಬಾರದು. ನೇಮಿಯ ಸುತ್ತಳತೆಯನ್ನು ದಾರದಿಂದ ತೆಗೆದುಕೊಂಡು, ಕಬ್ಬಿಣದ ಪಟ್ಟಿಯನ್ನು ಅದಕ್ಕಿಂತ ಇಂತಿಷ್ಟು ಕಡಮೆಯಾಗುವಂತೆ ಕತ್ತರಿಸಿ, ಬಗ್ಗಿಸಿ, ತುದಿಗಳನ್ನು ಬೆಸೆದು ಬಳೆ ಮಾಡುತ್ತಾರೆ. ಆ ಕಡಮೆ ಎಷ್ಟು ಎಂಬುದೇ ಗುಟ್ಟು. ಕಡಮೆ ಸಾಲದಿದ್ದರೆ ಹಳಿ ಮೊದಲ ಬೇಸಗೆಯಲ್ಲಿಯೇ ಕಳಚಿಬೀಳುತ್ತದೆ. ಅತಿಯಾದರೆ ಅರೆಕಾಲುಗಳು ಬಾಗುತ್ತವೆ, ಇಲ್ಲವೆ ಚಕ್ರದ ತಟ್ಟೆ ಮಗುಚಿಕೊಳ್ಳುತ್ತದೆ. ನಾನು ನೋಡಿದ ದಿನ, ಹಳಿಯನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಬೆರಣಿ ಸೌದೆಗಳನ್ನು ಒಟ್ಟಿ ಬೆಂಕಿಯಿಟ್ಟಾಗ, ಇಷ್ಟು ಹೊತ್ತೂ ಹರಟೆಯಲ್ಲಿದ್ದ ಜನರೆಲ್ಲ ಮೌನವಾದರು. ಒಂದೂವರೆ ಮೀಟರು ವ್ಯಾಸದ ಚಕ್ರದ ಹಳಿಯನ್ನು 500 ಡಿಗ್ರಿಗಳಷ್ಟು ಕಾಯಿಸಿದರೆ ಅದರ ಸುತ್ತಳತೆ ಸುಮಾರು 28 ಮಿಲಿಮೀಟರು, ಎಂದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು, ಹಿಗ್ಗುತ್ತದೆ. ಈ ಒಂದು ಅಂಗುಲದಲ್ಲಿಯೇ ಇಡೀ ಆಟ. ಆಚಾರ್ಯರ ಬಳಿ ಉಷ್ಣಮಾಪಕವೆಂದರೆ ಒಂದು ಹಸಿಯ ಕಡ್ಡಿ. ಅದನ್ನು ಹಳಿಗೆ ಮುಟ್ಟಿಸಿ, ಹೊಗೆಯಾಡುವುದೋ ಕೂಡಲೇ ಹೊತ್ತಿಕೊಳ್ಳುವುದೋ ನೋಡಿ, ಅವರು ಕೈಯೆತ್ತಿದರು. ನಾಲ್ವರು ಇಕ್ಕಳಗಳಿಂದ ಹಳಿಯನ್ನು ಎತ್ತಿ ತಂದು ಚಕ್ರದ ಮೇಲೆ ಇಳಿಸಿದ ಕ್ಷಣದಲ್ಲಿ ಮರಕ್ಕೆ ಬೆಂಕಿ ಹತ್ತಿ ಜ್ವಾಲೆಯೆದ್ದಿತು, ಸುತ್ತಿಗೆಗಳು ನಾಲ್ಕೂ ಕಡೆಯಿಂದ ಬಿದ್ದವು, “ನೀರು, ನೀರು!” ಎಂದು ಕೂಗು, ಕೊಡಗಳು ಒಂದರ ಹಿಂದೊಂದು ಬೋರಲಾದವು, ಆವಿಯ ಮರೆಯಲ್ಲಿ ಚಕ್ರವೇ ಕಾಣದಾಯಿತು. ಆಗ ಒಳಗಿನಿಂದ ಟಕ್, ಟಕ್ ಎಂದು ಸದ್ದುಗಳು ಕೇಳತೊಡಗಿದವು: ಕುಗ್ಗುತ್ತಿದ್ದ ಕಬ್ಬಿಣವು ಹನ್ನೆರಡು ಅರೆಕಾಲುಗಳನ್ನೂ ಆರು ಬಾಗುಗಳನ್ನೂ ತಮ್ಮ ತಮ್ಮ ಗೂಡಿಗೆ ಒತ್ತಿ ಕೂರಿಸುತ್ತಿತ್ತು. ಆಚಾರ್ಯರು ಬಿಸಿ ಆರುವ ಮೊದಲೇ ನಾಭಿಯ ಮೇಲೆ ಅಂಗೈ ಊರಿ ಆ ಸದ್ದುಗಳನ್ನು ಎಣಿಸುತ್ತಿದ್ದರು. ಮೊಳೆಯಾಗಲಿ ಅಂಟಾಗಲಿ ಇಲ್ಲದೆ ಇಷ್ಟು ತುಂಡುಗಳು ಒಂದೇ ವಸ್ತುವಾಗಿ ನಿಂತ ಆ ಸಮಯವನ್ನು ಕಂಡವನಿಗೆ, ಉಳಿದ ಸಂಸ್ಕಾರಗಳನ್ನು ವರ್ಣಿಸುವ ಉತ್ಸಾಹ ಉಳಿಯುವುದಿಲ್ಲ.

ಆದರೂ ಲೇಪದ ಮಾತೊಂದನ್ನು ಹೇಳಲೇಬೇಕು. ಅದಕ್ಕೆ ಕಾರಣ ಆಚಾರ್ಯರ ಮೊಮ್ಮಗ. ಈತ ಬೆಂಗಳೂರಿನಲ್ಲಿ ಕಾರುಗಳ ಅಲಾಯ್ ಚಕ್ರಗಳನ್ನು ಮಾರುವ, ಅವಕ್ಕೆ ಸೆರಾಮಿಕ್ ಲೇಪ ಹಚ್ಚುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಚೆನ್ನೈ ಸಮೀಪದ ಇರುಂಗಾಟುಕೋಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ ಮೊದಲಾದ ರೇಸಿನ ಪಥಗಳಿಗೆ ಕಾರನ್ನು ಓಡಿಸಲು ಒಯ್ಯುವ ಹವ್ಯಾಸಿಗಳೇ ಆತನ ಗಿರಾಕಿಗಳು. ಅಲ್ಲಿಯೂ ಪ್ರಶ್ನೆಗಳು ಬೇರೆಯಲ್ಲ: ಬೋಲ್ಟಿನ ರಂಧ್ರಗಳು ಕೂಡಿದರೆ ಸಾಲದು, ಚಕ್ರವು ಒಳಕ್ಕೆ ಹೊರಕ್ಕೆ ಎಷ್ಟು ಚಾಚಿದೆ, ಒಳಗಿನ ಬ್ರೇಕಿಗೆ ಎಡೆ ಉಂಟೇ, ಭಾರವೆಷ್ಟು ಎಂಬುದನ್ನು ನೋಡಬೇಕು, ಎರಕ ಹೊಯ್ದ ಚಕ್ರಕ್ಕಿಂತ ಒತ್ತಿ ರೂಪಿಸಿದ ಚಕ್ರವು ಅದೇ ಬಲಕ್ಕೆ ಹಗುರ, ಆದರೆ ಬೆಲೆ ದುಬಾರಿ. ಲೇಪವೆಂಬುದು ಸಿಲಿಕಾ ಮೂಲದ ದ್ರವ. ಚಕ್ರವನ್ನು ತೊಳೆದು, ಅಂಟಿದ ಕಬ್ಬಿಣದ ಕಣಗಳನ್ನು ಕರಗಿಸಿ ತೆಗೆದು, ಎಣ್ಣೆಯಂಶವೇ ಇಲ್ಲದಂತೆ ಒರೆಸಿ, ತೆಳ್ಳಗೆ ಹಚ್ಚಿ ಒಣಗಿಸಿದರೆ ಕೆಲವು ಮೈಕ್ರಾನುಗಳಷ್ಟು ಪೊರೆ ನಿಲ್ಲುತ್ತದೆ. ವೇಗದಲ್ಲಿ ಬ್ರೇಕು ಒತ್ತಿದಾಗ ಉದುರುವ ಕಾದ ಪುಡಿಯು ಆ ಪೊರೆಯ ಮೇಲೆ ಕಚ್ಚಿಕೊಳ್ಳದೆ ನೀರಿಗೆ ಜಾರಿಹೋಗುವುದೇ ಅದರ ಪ್ರಯೋಜನ. ಕಲ್ಲೇಟನ್ನು ಅದು ತಡೆಯದು, ಚಕ್ರಕ್ಕೆ ಬಲವನ್ನೂ ಕೊಡದು.

ಮೊಮ್ಮಗನ ಈ ವಿವರಣೆಯನ್ನು ಅವನ ತುಟಿಯನ್ನೇ ನೋಡುತ್ತ ಗ್ರಹಿಸಿದ ಆಚಾರ್ಯರು ಕೇಳಿದ್ದು ಒಂದೇ ಮಾತು: “ಬಿರುಕು ಬಿಟ್ರೆ ಕಾಣ್ತದಾ?” ಕಾಣುತ್ತದೆ, ಪೊರೆ ಪಾರದರ್ಶಕ, ಕೊಳೆ ನಿಲ್ಲದಿರುವುದರಿಂದ ಇನ್ನೂ ಬೇಗ ಕಾಣುತ್ತದೆ ಎಂದು ಆತ ಹೇಳಿದ ಮೇಲೆ ಅವರು ತಲೆದೂಗಿದರು. ತಾವು ಕಟ್ಟಿದ ಚಕ್ರಕ್ಕೆ ಅವರು ಮೊದಲ ಬೇಸಗೆ ಕಳೆಯುವವರೆಗೆ ಹೊಂಗೆಯೆಣ್ಣೆಯ ಹೊರತು ಬೇರೇನನ್ನೂ ಹಚ್ಚಗೊಡುವುದಿಲ್ಲ. ಕೊಂಡವರು ಕೆಂಪು ಹಸಿರು ಬಣ್ಣಕ್ಕೆ ಆತುರಪಡುತ್ತಾರೆ. ಬಣ್ಣವು ಮರದ ಸೀಳನ್ನು ಮುಚ್ಚುತ್ತದೆ, ಮುಚ್ಚಿದ ಸೀಳು ಓಟದ ನಡುವೆ ತೆರೆಯುತ್ತದೆ ಎಂಬುದು ಇವರ ವಾದ. ಚಂದಕ್ಕಾಗಿ ಚಕ್ರವನ್ನು ಕೊಳ್ಳುವ ಎಲ್ಲರೂ, ಅದು ಮರದ್ದಾಗಲಿ ಅಲಾಯ್ ಆಗಲಿ, ಈ ಮುದುಕರ ಪ್ರಶ್ನೆಯನ್ನು ಮೊದಲು ಕೇಳತಕ್ಕದ್ದೆಂದು ನನ್ನ ಅಭಿಪ್ರಾಯ.

ಮೊಮ್ಮಗ ಊರಿಗೆ ಮರಳುವನೇ ಎಂಬುದನ್ನು ನಾನು ಕೇಳಲಿಲ್ಲ. ಕೇಳಿ ಆಗಬೇಕಾದದ್ದೂ ಇಲ್ಲ. ವರ್ಷಕ್ಕೆ ಬೆರಳೆಣಿಕೆಯ ಚಕ್ರಗಳನ್ನು ಕಟ್ಟಿ ಸಂಸಾರ ಸಾಗದು. ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟಿನೊಡನೆ ಗಾಡಿ ಓಟಗಳನ್ನೂ ನಿಷೇಧಿಸಿದಾಗ ಆ ಕೆಲವು ಚಕ್ರಗಳ ಬೇಡಿಕೆಯೂ ನಿಂತುಹೋಯಿತು. ಕಂಬಳ ಹಾಗೂ ಎತ್ತಿನ ಓಟಗಳಿಗೆ ಅವಕಾಶ ಕೊಡುವ ಕರ್ನಾಟಕದ ತಿದ್ದುಪಡಿ ಶಾಸನವು ಆಮೇಲೆ ಬಂದು, ಅದನ್ನು ಐವರು ನ್ಯಾಯಮೂರ್ತಿಗಳ ಪೀಠವು 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಓಟಗಳಿಗೆ ಗಟ್ಟಿಯಾದ ನೆಲೆ ದೊರಕಿತು. ಆದರೆ ಈ ನಡುವೆ ಕೆಲಸವನ್ನು ಕೈಬಿಟ್ಟ ಕಮ್ಮಾರರೂ ಬಡಗಿಗಳೂ ಹಿಂದಿರುಗಲಿಲ್ಲ. ಹಳಿ ಕಟ್ಟುವ ದಿನ ಇಕ್ಕಳ ಹಿಡಿಯಲು ಆಚಾರ್ಯರು ಈಗ ನೆರೆಯೂರುಗಳಿಂದ ಜನರನ್ನು ಕರೆಸಬೇಕಾಗಿದೆ. ಓಟದಲ್ಲಿ ಹಿಂಸೆಯಿದೆಯೆಂಬ ಆಕ್ಷೇಪ ನಿರಾಧಾರವೆಂದು ನಾನು ಹೇಳಲಾರೆ. ಚಾವಟಿಯ ಬಲದಿಂದ ಗೆಲ್ಲುವವನಿಗೆ ಚಕ್ರದ ಹದ ಬೇಕಿಲ್ಲ. ಹದವಾದ ಚಕ್ರವನ್ನು ಬಲ್ಲವನಿಗೆ ಮಾತ್ರ ಚಾವಟಿ ಅನಾವಶ್ಯಕ.

ಓಟಗಳನ್ನು ಏರ್ಪಡಿಸುವ ಊರಿನ ಸಮಿತಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಹಲ್ಲು ನೋಡಿ ಎತ್ತುಗಳನ್ನು ವಿಂಗಡಿಸುವಂತೆ, ಮರದ ಚಕ್ರದ ಗಾಡಿಗಳಿಗೂ ಒಂದು ಪ್ರತ್ಯೇಕ ವಿಭಾಗವನ್ನು ಇರಿಸಿ, ಗೆದ್ದ ಗಾಡಿಯ ಬಹುಮಾನದಲ್ಲಿ ಒಂದಂಶವನ್ನು ಆ ಚಕ್ರ ಕಟ್ಟಿದವರ ಕೈಗೆ ಅದೇ ವೇದಿಕೆಯ ಮೇಲೆ ಕೊಡಿಸಿರಿ. ತೀರ್ಮಾನವನ್ನು ಮಾತ್ರ ಈ ವರ್ಷವೇ ಮಾಡಬೇಕು. ಕಡಿದ ಜಾಲಿಯ ಮರ ಚಕ್ರಕ್ಕೆ ಹದವಾಗಿ ಒಣಗಲು ಎರಡು ವರ್ಷ ಹಿಡಿಯುತ್ತದೆ.