ಮಾತ್ರೆ ಡಬ್ಬಿಯಲ್ಲಿ ಹಿಂಗಾರದ ಹುಡಿ

ನಾಗದರ್ಶನ ಮುಗಿದ ಮೇಲೆ ನೆಲ ನೋಡಿದ್ದೀರಾ? ಅಕ್ಕಿಕಾಳು ಚೆಲ್ಲಿದ ಹಾಗೆ ಬಿದ್ದಿರುವುದೆಲ್ಲ ಅಡಿಕೆಯ ಹೂಗೊಂಚಲಾದ ಹಿಂಗಾರದ ಗಂಡುಹೂವು. ಕಡ್ಡಿಯ ಬುಡಕ್ಕೆ ಕಚ್ಚಿಕೊಂಡು ಉಳಿದ ದಪ್ಪ ಮೊಗ್ಗು ಹೆಣ್ಣು. ಮರದಲ್ಲೇ ಬಿಟ್ಟಿದ್ದರೆ ಅಡಿಕೆಯಾಗುತ್ತಿತ್ತು. ಒಂದೇ ಹಿಂಗಾರದಲ್ಲಿದ್ದರೂ ಇಬ್ಬರಿಗೂ ಭೇಟಿ ಅಪರೂಪ. ಗಂಡು ಮೊದಲು ಅರಳಿ, ವಾರಗಟ್ಟಲೆ ಉದುರಿ ಮುಗಿಯುವ ಹೊತ್ತಿಗೆ ಹೆಣ್ಣಿನ ಸರದಿ. ಆಗ ಹುಡಿ ಗಾಳಿಯಲ್ಲಿ ಬೇರೆ ಮರದಿಂದ ಬರಬೇಕು. ಯಾವ ಮರದ್ದೆಂದು ತೋಟದವರು ಕೇಳುವುದಿಲ್ಲ. ತಳಿ ಕಟ್ಟುವವರು ಕೇಳುತ್ತಾರೆ. ಅದಕ್ಕೇ ಅವರಿಗೆ ಹುಡಿ ಎತ್ತಿಡುವ ಕೆಲಸ.

ಪರಾಗ ಎನ್ನುವುದು ಪುಸ್ತಕದ ಮಾತು, ನಮ್ಮ ಕಡೆ ಅದು ಹೂವಿನ ಹುಡಿ.

ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ 1956ರಲ್ಲಿ ಶುರುವಾದ ಅಡಿಕೆ ಸಂಶೋಧನಾ ಕೇಂದ್ರ ಈಗ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐಯ ಪ್ರಾದೇಶಿಕ ಕೇಂದ್ರ. 1972ರ ‘ಮಂಗಳ’ ಅಲ್ಲಿಯದೇ. ಆದರೆ ಅದು ಚೀನಾದಿಂದ ತಂದು ಆರಿಸಿದ ತಳಿ. ಹುಡಿಯ ಕಥೆ ಇರುವುದು ಗಿಡ್ಡ ಅಡಿಕೆಯಲ್ಲಿ. ತುಮಕೂರು ಜಿಲ್ಲೆಯ ಹಿರೇಹಳ್ಳಿಯ ಗಿಡ್ಡ ಮರ ಹತ್ತುವುದಕ್ಕೂ ಮದ್ದು ಬಿಡುವುದಕ್ಕೂ ಸುಲಭ, ಅಡಿಕೆ ಮಾತ್ರ ಸಣ್ಣದು. ಅದರ ಹೆಣ್ಣುಹೂವಿಗೆ ಎತ್ತರದ ‘ಸುಮಂಗಳ’, ‘ಮೋಹಿತ್‌ನಗರ’ ಮರಗಳ ಹುಡಿ ಕೊಟ್ಟು ವಿಟ್ಲದವರು ಎರಡು ಸಂಕರ ತಳಿ ಮಾಡಿದರು. ತಾಯಿ ಮರದ ಹಿಂಗಾರದಿಂದ ಗಂಡುಹೂಗಳನ್ನು ತೆಗೆದು, ಚೀಲ ಕಟ್ಟಿ, ಹೆಣ್ಣು ಅರಳುವುದನ್ನು ಕಾದು ಹುಡಿ ಹಾಕುವ ಕೆಲಸವದು. ಕೊಳೆರೋಗಕ್ಕೆ ಕೊಟ್ಟೆ ಕಟ್ಟಿದವರಿಗೆ ಇದರ ಅರ್ಧ ಕಷ್ಟ ಗೊತ್ತು.

ತೆಂಗಿನಲ್ಲಿ ಈ ಕೆಲಸ ಇನ್ನೂ ಹಳೆಯದು. ನೀಲೇಶ್ವರದಲ್ಲಿ 1932ರಲ್ಲೇ ಸಂಕರ ತೆಂಗು ಹುಟ್ಟಿತ್ತು; ಆಗ ಅದೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ. ತೆಂಗಿನ ಗಂಡುಹೂವನ್ನು ಜಜ್ಜಿ, ಹದ ಬಿಸಿಯಲ್ಲಿ ಒಣಗಿಸಿ, ಜರಡಿ ಹಿಡಿದು, ತಣ್ಣಗಿಟ್ಟ ಹುಡಿಗೆ ಟಾಲ್ಕ್ ಬೆರೆಸಿ ಊದುತ್ತಾರೆ.

ಮನೆಯಲ್ಲಿ ಮಾಡುವುದಾದರೂ ಸೂತ್ರ ಅದೇ: ಒಣಗಿಸು, ತಣ್ಣಗಿಡು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಆಗಷ್ಟೇ ಬಿರಿದ ಹೂವಿನ ಹುಡಿಚೀಲಗಳನ್ನು ಬಟರ್ ಪೇಪರಿನ ಮೇಲೆ ಉದುರಿಸಿ ನೆರಳಲ್ಲಿ ಒಂದು ದಿನ ಬಿಡಿ. ಆ ಪೇಪರನ್ನೇ ಪೊಟ್ಟಣ ಕಟ್ಟಿ, ಮಾತ್ರೆ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಚೀಲದೊಂದಿಗೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಹೆಸರು ತಾರೀಕು ಬರೆದು ಫ್ರಿಜ್ಜಿನಲ್ಲಿಡಿ. ಎಲ್ಲ ಹುಡಿಯೂ ಒಂದೇ ಅಲ್ಲ. ಭತ್ತದ್ದು ನಿಮಿಷಗಳಲ್ಲೇ ಸಾಯುತ್ತದೆ. ದಾಸವಾಳದ್ದು ಹೆಚ್ಚು ದಿನ ಬಾಳದು. ಅರಬರು ಖರ್ಜೂರದ ಹುಡಿಯನ್ನು ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತಾರೆ.

ಬೆಳ್ತಂಗಡಿಯಿಂದ ಮೂಡುಬಿದಿರೆವರೆಗೆ ಎತ್ತಿಟ್ಟ ಹುಡಿಯ ದೊಡ್ಡ ಶತ್ರು ನಮ್ಮ ಮಳೆಗಾಲ. ಒಮ್ಮೆ ಆಟಿ ತಿಂಗಳಲ್ಲಿ ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಅವಸರಕ್ಕೆ ಅಲ್ಲೇ ತೆರೆದೆ. ಕಣ್ಣೆದುರೇ ಒಳಗೆಲ್ಲ ಬೆವರು. ಹಳದಿ ಹುಡಿ ಅರಿಶಿನದ ಮುದ್ದೆಯಾಯಿತು. ಡಬ್ಬಿ ಹೊರಗಿನ ಬಿಸಿಗೆ ಬರುವ ತನಕ ಮುಚ್ಚಳ ಮುಟ್ಟಬಾರದು ಎಂದು ಅಂದು ಕಲಿತೆ.

ಹುಡಿಗೆ ಜೀವ ಇದೆಯೇ ಎಂದು ನೋಡಲು ಸಕ್ಕರೆ ನೀರಿಗೆ ಕೇರಂ ಬೋರ್ಡಿನ ಬೋರಿಕ್ ಪೌಡರ್ ಒಂದಿಷ್ಟೇ ಇಷ್ಟು ಹಾಕಿ, ಒಂದು ಹನಿಯಲ್ಲಿ ಹುಡಿ ಉದುರಿಸಿ. ಕೆಲವು ಗಂಟೆ ಬಿಟ್ಟು ಶಾಲೆಯ ಸೂಕ್ಷ್ಮದರ್ಶಕದಡಿ ನೋಡಿದರೆ, ಬದುಕಿರುವ ಕಣ ಮೊಳಕೆಯಂತೆ ಸಣ್ಣ ನಳಿಗೆ ಚಾಚಿರುತ್ತದೆ.

ಗಿಡ್ಡ ಸಂಕರ ಅಡಿಕೆ ನೆಟ್ಟವರಿಗೆ ಒಂದು ಮಾತು. ಅದರ ಗೋಟನ್ನೇ ಬಿತ್ತಿ ಸಸಿ ಮಾಡಬೇಡಿ, ಗುಣ ಒಡೆಯುತ್ತದೆ. ಪ್ರತಿ ಸಸಿಗೂ ಯಾರಾದರೂ ಮತ್ತೆ ತಾಯಿ ಮರಕ್ಕೆ ಹುಡಿ ಹಾಕಲೇಬೇಕು.